ಸ್ಟ್ರೋಕ್ ಆದ ಮೇಲೆ ಕೈಕಾಲು, ನಡಿಗೆ ಎಷ್ಟು ಸುಧಾರಿಸಿದೆ? ಮನೆಯಲ್ಲೇ ಅಳೆದು ಬರೆದಿಡುವ ಬಗೆ

"ಹೇಗಿದ್ದಾರೆ ನಿಮ್ಮ ತಂದೆ?" ಅಂತ ಕೇಳಿದರೆ ಬಹುತೇಕ ಮನೆಗಳಲ್ಲಿ ಬರುವ ಉತ್ತರ ಒಂದೇ. "ಪರವಾಗಿಲ್ಲ, ಮುಂಚೆಗಿಂತ ವಾಸಿ." ಎಷ್ಟು ವಾಸಿ, ಯಾವುದರಲ್ಲಿ ವಾಸಿ ಅಂತ ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ನಾನು ಫಿಸಿಯೋಥೆರಪಿ ಮಾಡುವವಳು, ಲಕ್ವ ಹೊಡೆದವರ ಮನೆಗಳಿಗೆ ಹೋಗಿ ವ್ಯಾಯಾಮ ಮಾಡಿಸುತ್ತೇನೆ. ಹಗಲೂ ರಾತ್ರಿ ಜೊತೆಗಿರುವ ಮನೆಯವರ ಕಣ್ಣಿಗೆ ಸಣ್ಣ ಬದಲಾವಣೆ ಬೀಳುವುದೇ ಇಲ್ಲ. ಅಪರೂಪಕ್ಕೆ ನೋಡಲು ಬರುವ ನೆಂಟರಿಗೆ ಇಲ್ಲದ್ದೂ ಕಾಣುತ್ತದೆ. ಎರಡನ್ನೂ ನಂಬಬೇಡಿ. ಒಂದು ಅಳತೆ ಟೇಪು, ಮೊಬೈಲಿನ ಸ್ಟಾಪ್‌ವಾಚ್, ಒಂದು ಗಟ್ಟಿ ಕುರ್ಚಿ ಇದ್ದರೆ ನೀವೇ ಅಳೆಯಬಹುದು.

ಒಂದು ನೋಟ್‌ಬುಕ್ ತಗೊಳ್ಳಿ. ಎಡಪುಟಕ್ಕೆ 'ಕೈಕಾಲು' ಅಂತ ಬರೆಯಿರಿ, ಬಲಪುಟಕ್ಕೆ 'ಓಡಾಟ'. ಇವೆರಡೂ ಒಂದೇ ಅಂತ ಬಹಳ ಜನ ತಿಳಿದಿರುತ್ತಾರೆ, ಒಂದೇ ಅಲ್ಲ. ಪಾದ ಒಂದಿಷ್ಟೂ ಮೇಲೇಳದಿದ್ದರೂ ಸೊಂಟ ಎತ್ತಿ, ಕಾಲನ್ನು ಹೊರಗಿನಿಂದ ಬಳಸಿ ತಂದು, ಕೋಲು ಊರಿ ಮನೆಯೆಲ್ಲ ಸುತ್ತುವವರಿದ್ದಾರೆ. ಮಲಗಿದಾಗ ಕಾಲನ್ನು ಚೆನ್ನಾಗಿ ಎತ್ತಿ ತೋರಿಸಿ, ನಿಂತ ಕೂಡಲೇ ತೂರಾಡುವವರೂ ಇದ್ದಾರೆ. ಮೊದಲನೆಯವರಿಗೆ ಓಡಾಟ ಬಂದಿದೆ, ಕಾಲು ಬಂದಿಲ್ಲ. ಎರಡನೆಯವರಿಗೆ ಕಾಲು ಬಂದಿದೆ, ಓಡಾಟ ಬಂದಿಲ್ಲ. ಇಬ್ಬರಿಗೂ ಬೇಕಾದ ವ್ಯಾಯಾಮ ಬೇರೆ ಬೇರೆ. ಅದಕ್ಕೇ ಎರಡು ಪುಟ.

ಅಳೆಯುವ ಮುಂಚೆ

ಆಸ್ಪತ್ರೆಯಿಂದ ಮನೆಗೆ ಬಂದಿರಬೇಕು, ಎದ್ದು ಓಡಾಡಬಹುದು ಅಂತ ಡಾಕ್ಟರ್ ಹೇಳಿರಬೇಕು. ಸ್ಟ್ರೋಕ್ ಆದ ಮರುಗಳಿಗೆಯಿಂದಲೇ ಎಬ್ಬಿಸಿ ನಡೆಸಿದರೆ ಬೇಗ ಗುಣವಾಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಇದನ್ನೇ ಪರೀಕ್ಷಿಸಿದ ಅವರ್ಟ್ ಎಂಬ ದೊಡ್ಡ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಮೊದಲ 24 ಗಂಟೆಯೊಳಗೆ ಹೆಚ್ಚು ಹೆಚ್ಚು ಎಬ್ಬಿಸಿ ಓಡಾಡಿಸಿದವರ ಫಲಿತಾಂಶ, ಮಾಮೂಲಿ ಆರೈಕೆ ಪಡೆದವರಿಗಿಂತ ಸ್ವಲ್ಪ ಕೆಟ್ಟದಾಗಿಯೇ ಇತ್ತು. ಆತುರ ಬೇಡ.

ಪ್ರತಿ ಸಲ ಬಿಪಿ ನೋಡಿ. ಮೇಲಿನ ಅಂಕಿ 180 ದಾಟಿದ್ದರೆ, ಕೆಳಗಿನದು 100 ದಾಟಿದ್ದರೆ, ಸುಮ್ನೆ ಕುಳಿತಾಗಲೇ ನಾಡಿ ನಿಮಿಷಕ್ಕೆ 120ಕ್ಕಿಂತ ಜಾಸ್ತಿ ಇದ್ದರೆ ಅವತ್ತು ನಡಿಗೆ ಪರೀಕ್ಷೆ ಬೇಡ. ಎದೆನೋವು, ತಲೆಸುತ್ತು, ಜ್ವರ ಇದ್ದರೂ ಬೇಡ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರನ್ನು ಖಾಲಿ ಹೊಟ್ಟೆಯಲ್ಲಿ ನಡೆಸಬೇಡಿ.

ಜೊತೆಗೆ ನಿಲ್ಲುವವರು ಸೋತ ಕಡೆಗೆ, ಅಂದರೆ ಲಕ್ವ ಹೊಡೆದ ಕಡೆಗೆ, ಅರ್ಧ ಹೆಜ್ಜೆ ಹಿಂದೆ ನಿಲ್ಲಬೇಕು. ಸೊಂಟಕ್ಕೆ ಅಗಲವಾದ ಗಟ್ಟಿ ಬೆಲ್ಟ್ ಕಟ್ಟಿ ಅದನ್ನು ಹಿಡಿದುಕೊಳ್ಳಿ. ಸೋತ ಕೈಯನ್ನು ಹಿಡಿದು ಎಳೆಯಲೇಬೇಡಿ, ಕಂಕುಳಿಗೆ ಕೈಹಾಕಿ ಎತ್ತಲೂಬೇಡಿ. ಆ ಭುಜವನ್ನು ಹಿಡಿದಿಡುವ ಸ್ನಾಯುಗಳು ಸಡಿಲವಾಗಿರುತ್ತವೆ, ಒಮ್ಮೆ ಕೀಲು ಜಾರಿ ನೋವು ಶುರುವಾದರೆ ತಿಂಗಳುಗಟ್ಟಲೆ ಕಾಡುತ್ತದೆ, ಆ ನೋವಿಗೆ ಹೆದರಿ ಅವರು ಕೈ ವ್ಯಾಯಾಮವನ್ನೇ ಬಿಟ್ಟುಬಿಡುತ್ತಾರೆ. ಎಬ್ಬಿಸಲು ಓಡಿಬರುವ ಮೊಮ್ಮಕ್ಕಳಿಗೂ, ಕೆಲಸದವರಿಗೂ ಇದನ್ನು ಹೇಳಿಕೊಡಿ.

ಎಡಪುಟ: ಕೈಕಾಲು

ಮೊದಲು ಶಕ್ತಿ. ಡಾಕ್ಟರ್ ಚೀಟಿಯಲ್ಲಿ 'ಪವರ್ 2/5', '3/5' ಅಂತ ಬರೆದಿರುವುದನ್ನು ನೋಡಿರುತ್ತೀರಿ. ಅದು ಸೊನ್ನೆಯಿಂದ ಐದರವರೆಗಿನ ಲೆಕ್ಕ. ಸೊನ್ನೆ ಅಂದರೆ ಏನೂ ಇಲ್ಲ. ಒಂದು ಅಂದರೆ ಕೈಕಾಲು ಅಲ್ಲಾಡುವುದಿಲ್ಲ, ಆದರೆ ಪ್ರಯತ್ನಿಸಿದಾಗ ಸ್ನಾಯು ಬಿಗಿಯಾಗುವುದು ಬೆರಳಿಗೆ ತಿಳಿಯುತ್ತದೆ. ಎರಡು ಅಂದರೆ ಹಾಸಿಗೆಯ ಮೇಲೆ ಅಡ್ಡಡ್ಡ ಜಾರಿಸಬಲ್ಲರು, ಮೇಲೆತ್ತಲಾರರು. ಮೂರು ಅಂದರೆ ಪೂರ್ತಿ ಮೇಲೆತ್ತಬಲ್ಲರು, ಆದರೆ ನೀವು ಸ್ವಲ್ಪ ಒತ್ತಿದರೂ ಬಿದ್ದುಹೋಗುತ್ತದೆ. ನಾಲ್ಕು ಅಂದರೆ ಒತ್ತಿದರೂ ಒಂದಷ್ಟು ತಡೆಯುತ್ತಾರೆ. ಐದು ಅಂದರೆ ಮಾಮೂಲಿ.

ಎರಡರಿಂದ ಮೂರಕ್ಕೆ ಬರುವುದು ದೊಡ್ಡ ದಾಟು. ಕಾಲಿನಲ್ಲಿ ಮೂರು ಜಾಗ ನೋಡಿದರೆ ಸಾಕು: ಸೊಂಟದಿಂದ ಕಾಲು ಎತ್ತುವುದು, ಕುಳಿತು ಮಂಡಿ ನೇರ ಮಾಡುವುದು, ಪಾದವನ್ನು ಮೂಗಿನ ಕಡೆಗೆ ಎಳೆಯುವುದು. ಕೈಯಲ್ಲಿ ಭುಜ, ಮೊಣಕೈ, ಬೆರಳು. 'ಕಾಲು 3' ಅಂತ ಒಂದೇ ಅಂಕಿ ಬರೆಯಬೇಡಿ. ಸೊಂಟ 4 ಇದ್ದು ಪಾದ 1 ಇರುವುದು ತುಂಬಾ ಮಾಮೂಲು, ನಡೆಯುವಾಗ ಎಡವಿಸುವುದು ಆ ಒಂದೇ.

ಶಕ್ತಿಯ ಅಂಕಿ ಪೂರ್ತಿ ಕತೆ ಹೇಳುವುದಿಲ್ಲ. ಎಷ್ಟೋ ಮನೆಗಳಲ್ಲಿ ಗೊಂದಲ ಆಗುವುದೂ ಇಲ್ಲೇ. ಲಕ್ವ ಹೊಡೆದ ಕೈ ಮೊದಲು ಜೋತುಬಿದ್ದಿರುತ್ತದೆ. ದಿನ ಕಳೆದಂತೆ ಬಿಗಿತ ಬರುತ್ತದೆ. ಆಮೇಲೆ ಚಲನೆ ಬಂದರೂ ಬಿಡಿಬಿಡಿಯಾಗಿ ಬರುವುದಿಲ್ಲ, ಇಡೀ ಕೈ ಒಟ್ಟಿಗೇ ಏಳುತ್ತದೆ. ಕೈ ಎತ್ತಿ ಅಂದರೆ ಭುಜ ಕಿವಿಗೆ ತಗುಲುತ್ತದೆ, ಮೊಣಕೈ ಮಡಚಿಕೊಳ್ಳುತ್ತದೆ, ಮುಷ್ಟಿ ಬಿಗಿದುಕೊಳ್ಳುತ್ತದೆ. ಮನೆಯವರು "ನೋಡಿ, ಕೈ ಎತ್ತುತ್ತಿದ್ದಾರೆ!" ಅಂತ ಖುಷಿಪಡುತ್ತಾರೆ. ಖುಷಿಪಡಬೇಕಾದದ್ದೇ, ಆದರೆ ಅದು ನಡುವಿನ ಹಂತ. ಸ್ವೀಡನ್ನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಸಿಗ್ನೆ ಬ್ರುನ್‌ಸ್ಟ್ರಾಮ್ ಎಂಬ ಥೆರಪಿಸ್ಟ್ ಈ ದಾರಿಯನ್ನು ಹಂತಗಳಾಗಿ ವಿಂಗಡಿಸಿದರು. ಇವತ್ತಿಗೂ ನಮ್ಮ ಫಿಸಿಯೋಗಳು "ಬ್ರುನ್‌ಸ್ಟ್ರಾಮ್ 3ರಲ್ಲಿದ್ದಾರೆ" ಅಂತ ಬರೆಯುವುದು ಅದನ್ನೇ. ಮೂರು ಅಂದರೆ ಹೀಗೆ ಒಟ್ಟಿಗೇ ಏಳುವ, ಬಿಗಿತ ಅತಿ ಜಾಸ್ತಿ ಇರುವ ಹಂತ. ನಾಲ್ಕರಿಂದ ಚಲನೆಗಳು ಬಿಡಿಯಾಗತೊಡಗುತ್ತವೆ.

ಬಿಡಿಯಾಗುತ್ತಿದೆಯಾ ಅಂತ ನೋಡುವುದು ಸುಲಭ. ಮೊಣಕೈ ನೇರ ಇಟ್ಟುಕೊಂಡೇ ಕೈಯನ್ನು ಮುಂದಕ್ಕೆ ಭುಜದ ಎತ್ತರಕ್ಕೆ ತರಲು ಹೇಳಿ. ಕೈಯನ್ನು ಬೆನ್ನ ಹಿಂದೆ, ಸೊಂಟದ ಮೇಲೆ ಇಡಲು ಹೇಳಿ. ಇವೆರಡೂ ಆದರೆ ನಾಲ್ಕನೇ ಹಂತದ ಗುರುತು. ನೇರ ಕೈಯನ್ನು ಪಕ್ಕಕ್ಕೆ ಭುಜದ ಎತ್ತರಕ್ಕೆ ಚಾಚಬಲ್ಲರು, ತಲೆಯ ಮೇಲಕ್ಕೂ ಎತ್ತಬಲ್ಲರು ಅಂದರೆ ಐದು. ಕಾಲಿಗೆ: ಕುರ್ಚಿಯಲ್ಲಿ ಕುಳಿತು ಪಾದವನ್ನು ನೆಲದ ಮೇಲೆಯೇ ಕುರ್ಚಿಯ ಕೆಳಗೆ ಹಿಂದಕ್ಕೆ ಜಾರಿಸಲಿ, ಆಮೇಲೆ ಹಿಮ್ಮಡಿ ನೆಲದಲ್ಲೇ ಇಟ್ಟು ಪಾದದ ಮುಂಭಾಗ ಎತ್ತಲಿ. ಇದು ನಾಲ್ಕು. ಏನಾದರೂ ಹಿಡಿದು ನಿಂತು, ತೊಡೆ ಮುಂದಕ್ಕೆ ಬಾರದಂತೆ ಮಂಡಿಯನ್ನಷ್ಟೇ ಹಿಂದಕ್ಕೆ ಮಡಚಿದರೆ ಐದು. ಆಗುತ್ತದೆ, ಅರ್ಧ ಆಗುತ್ತದೆ, ಆಗುವುದಿಲ್ಲ ಅಂತ ಬರೆದರೆ ಸಾಕು. ಆಸ್ಪತ್ರೆಗಳಲ್ಲಿ ಇದಕ್ಕೇ ಫುಗಲ್-ಮೇಯರ್ ಎಂಬ ಉದ್ದದ ಪರೀಕ್ಷೆ ಇದೆ, 1975ರಲ್ಲಿ ಸ್ವೀಡನ್ನಿನಲ್ಲಿ ಮಾಡಿದ್ದು, ಕೈಗೆ 66 ಅಂಕ, ಕಾಲಿಗೆ 34. ಅದು ತರಬೇತಿ ಇದ್ದವರ ಕೆಲಸ, ಮನೆಯಲ್ಲಿ ಪ್ರಯತ್ನಿಸಬೇಡಿ. ಯಾರಾದರೂ ಮಾಡಿದ್ದರೆ ಆ ಅಂಕ ಮಾತ್ರ ಕೇಳಿ ಬರೆದಿಟ್ಟುಕೊಳ್ಳಿ.

ಬೆರಳಿಗೆ ಬೇರೆ ಗಮನ ಕೊಡಿ. ಎಲ್ಲರೂ ಮುಷ್ಟಿ ಹಿಡಿಸಿ ನೋಡುತ್ತಾರೆ, ಸ್ಪಂಜಿನ ಚೆಂಡು ಕೊಟ್ಟು ಹಿಸುಕಿಸುತ್ತಾರೆ. ಮುಷ್ಟಿ ಹಿಡಿಯುವುದು ಮೊದಲೇ ಬರುತ್ತದೆ, ಬಿಗಿತ ಇದ್ದರಂತೂ ಜಾಸ್ತಿಯೇ ಬರುತ್ತದೆ. ನೋಡಬೇಕಾದದ್ದು ಬೆರಳು ಬಿಚ್ಚುವುದನ್ನು. ನೆದರ್‌ಲ್ಯಾಂಡ್ಸ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಸ್ಟ್ರೋಕ್ ಆದ ಎರಡನೇ ದಿನವೇ ಒಂದಿಷ್ಟಾದರೂ ಬೆರಳು ಬಿಚ್ಚುವ ಮತ್ತು ತೋಳನ್ನು ಪಕ್ಕಕ್ಕೆ ಎತ್ತುವ ಚಲನೆ ಇದ್ದವರಿಗೆ, ಆರು ತಿಂಗಳಿಗೆ ಕೈಯ ಚಳಕ ಸ್ವಲ್ಪವಾದರೂ ವಾಪಸ್ ಬರುವ ಸಾಧ್ಯತೆ 98%. ಎರಡೂ ಇಲ್ಲದವರಿಗೆ 25%. ಇದನ್ನು ಓದಿ ಕೈಚೆಲ್ಲಿ ಕೂರಬೇಡಿ, 25% ಅಂದರೆ ನಾಲ್ಕರಲ್ಲೊಬ್ಬರು. ಹೇಳಬೇಕಾದ್ದು ಇಷ್ಟೇ, ಬೆರಳು ಒಂದು ಕೂದಲೆಳೆಯಷ್ಟು ಬಿಚ್ಚಿದರೂ ಅದು ದೊಡ್ಡ ಸುದ್ದಿ, ಯಾವ ದಿನ ಅಂತ ಬರೆದಿಡಿ.

ಚಲನೆ ಒಂದಷ್ಟು ಬಂದ ಮೇಲೆ ಕೈ ಕೆಲಸಕ್ಕೆ ಬರುತ್ತಿದೆಯಾ ನೋಡಿ. ಎರಡು ಬಟ್ಟಲು ಅಕ್ಕಪಕ್ಕ ಇಡಿ. ಒಂದರಲ್ಲಿ ಹುಣಸೆಬೀಜವೋ ಚೌಕಾಬಾರದ ಕವಡೆಯೋ ಹಾಕಿ. ಒಂದು ನಿಮಿಷದಲ್ಲಿ ಒಂದೊಂದಾಗಿ ಎಷ್ಟು ಈ ಬಟ್ಟಲಿನಿಂದ ಆ ಬಟ್ಟಲಿಗೆ ಹಾಕುತ್ತಾರೆ ಅಂತ ಎಣಿಸಿ. ಮೊದಲು ಒಳ್ಳೆ ಕೈ, ಆಮೇಲೆ ಸೋತ ಕೈ. ಆಸ್ಪತ್ರೆಯಲ್ಲಿ ಮರದ ತುಂಡುಗಳನ್ನು ಪೆಟ್ಟಿಗೆಯ ಅಡ್ಡಗೋಡೆ ದಾಟಿಸುವ ಒಂದು ಪರೀಕ್ಷೆ ಇದೆ, ಅದೇ ಉಪಾಯ. ನಿಮ್ಮ ಅಂಕಿಯನ್ನು ಅಲ್ಲಿಯ ಅಂಕಿಗೆ ಹೋಲಿಸಲು ಆಗುವುದಿಲ್ಲ, ಆದರೆ ಹೋದ ತಿಂಗಳಿನ ನಿಮ್ಮದೇ ಅಂಕಿಗೆ ಹೋಲಿಸಬಹುದು. ಇದರ ಜೊತೆ ದಿನದ ಕೆಲಸ ಒಂದೆರಡು ಆರಿಸಿಕೊಳ್ಳಿ: ಚೊಂಬು ಎತ್ತುವುದು, ಅಂಗಿಯ ಗುಂಡಿ ಹಾಕುವುದು, ಅನ್ನ ಕಲಸುವುದು, ಮುದ್ದೆ ಮುರಿಯುವುದು. ಚಪಾತಿ ಹರಿಯಲು ಎರಡು ಕೈ ಬೇಕು, ಅದು ಸ್ವಲ್ಪ ಮುಂದಿನ ಪರೀಕ್ಷೆ. ಬಲಗೈ ಸೋತವರು ಎಡಗೈಯಲ್ಲಿ ಊಟ ಮಾಡಲು ನಮ್ಮಲ್ಲಿ ತುಂಬಾ ಮುಜುಗರಪಡುತ್ತಾರೆ, ಯಾರಾದರೂ ತಿನ್ನಿಸಲಿ ಅಂತ ಕಾಯುತ್ತಾರೆ. ಚಮಚ ಕೊಡಿ, ಎಡಗೈಯೇ ಆಗಲಿ. ಬಲಗೈಯ ಪರೀಕ್ಷೆ ಊಟದ ಹೊತ್ತಿನಲ್ಲಿ ಬೇಡ, ಹಸಿದವರನ್ನು ಯಾಕೆ ಸತಾಯಿಸುವುದು?

ಬಿಗಿತವನ್ನು ಅಂಕದಲ್ಲಿ ಅಳೆಯುವುದು ಫಿಸಿಯೋಗೆ ಬಿಡಿ. ನೀವು ನೋಡಬೇಕಾದದ್ದು: ಅಂಗೈ ತೊಳೆಯಲು ಬೆರಳು ಬಿಡಿಸುವುದು ಕಷ್ಟವಾಗುತ್ತಿದೆಯಾ, ಉಗುರು ಅಂಗೈಗೆ ಚುಚ್ಚುತ್ತಿದೆಯಾ, ನಿಂತಾಗ ಹಿಮ್ಮಡಿ ನೆಲಕ್ಕೆ ತಾಗುತ್ತಿದೆಯಾ. ಬಿಗಿತ ಇದ್ದಕ್ಕಿದ್ದಂತೆ ಜಾಸ್ತಿಯಾದರೆ ಬೇರೆ ಏನೋ ಇದೆ ಅಂತ ಅರ್ಥ. ಮೂತ್ರದ ಸೋಂಕು, ಮಲಬದ್ಧತೆ, ಮಲಗಿ ಮಲಗಿ ಆದ ಬೆನ್ನಿನ ಹುಣ್ಣು, ಕೈಕಾಲಿಗೆ ಆಧಾರಕ್ಕೆ ಕಟ್ಟುವ ಸ್ಪ್ಲಿಂಟ್ ಒತ್ತುವುದು, ಇವೆಲ್ಲ ಬಿಗಿತ ಹೆಚ್ಚಿಸುತ್ತವೆ. ಕೈ ಎಳೆಯುವ ಮುಂಚೆ ಇವನ್ನು ಹುಡುಕಿ. ಭುಜನೋವು ಇದೆಯಾ ಇಲ್ಲವಾ ಪ್ರತಿ ಸಲ ಕೇಳಿ ಬರೆಯಿರಿ. ಬಾಗಿಲಿಗೆ ಹಗ್ಗ ಕಟ್ಟಿ ಒಳ್ಳೆ ಕೈಯಿಂದ ಸೋತ ಕೈಯನ್ನು ತಲೆಯ ಮೇಲಕ್ಕೆ ಎಳೆದುಕೊಳ್ಳುವ ವ್ಯಾಯಾಮ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಭುಜ ಸಡಿಲ ಇರುವವರಿಗೆ ಅದು ಒಳ್ಳೆಯದಲ್ಲ, ದಯವಿಟ್ಟು ಬಿಚ್ಚಿಹಾಕಿ.

ಇನ್ನು ಸ್ಪರ್ಶ ಮತ್ತು ಗಮನ. ಕಣ್ಣು ಮುಚ್ಚಿಸಿ ಪಾದದ ಹೆಬ್ಬೆರಳನ್ನು ಪಕ್ಕದಿಂದ ಹಿಡಿದು ಮೇಲೆ ಕೆಳಗೆ ಮಾಡಿ, ಯಾವ ಕಡೆ ಅಂತ ಕೇಳಿ. ತಪ್ಪು ಹೇಳುತ್ತಿದ್ದರೆ ಶಕ್ತಿ ಎಷ್ಟೇ ಇದ್ದರೂ ಕತ್ತಲಲ್ಲಿ ನಡೆಯುವಾಗ ಬೀಳುತ್ತಾರೆ. ಮೆದುಳಿನ ಬಲಭಾಗಕ್ಕೆ ಪೆಟ್ಟಾಗಿ ಎಡಗಡೆ ಸೋತವರಲ್ಲಿ ಇನ್ನೊಂದು ತೊಂದರೆ ಇರಬಹುದು. ಎಡಗಡೆಯ ಲೋಕವೇ ಅವರ ಗಮನಕ್ಕೆ ಬರುವುದಿಲ್ಲ. ತಟ್ಟೆಯ ಎಡಭಾಗದ ಪಲ್ಯ ಹಾಗೇ ಉಳಿಯುತ್ತದೆ, ಬಾಗಿಲ ಚೌಕಟ್ಟಿಗೆ ಎಡಭುಜ ಬಡಿಯುತ್ತದೆ. ಅವರ ಮುಂದೆ ಒಂದು ಟವೆಲನ್ನು ಉದ್ದಕ್ಕೆ ಹಾಸಿ ನಟ್ಟನಡುವೆ ಬೆರಳಿಡಿ ಅನ್ನಿ. ಬೆರಳು ತುಂಬಾ ಬಲಕ್ಕೆ ಹೋದರೆ ಡಾಕ್ಟರಿಗೆ ಹೇಳಿ. ಇಂಥವರನ್ನು ಕಾಲು ಗಟ್ಟಿಯಿದೆ ಅಂತ ಒಬ್ಬರೇ ರಸ್ತೆಗೆ ಬಿಡಬಾರದು.

ಬಲಪುಟ: ಓಡಾಟ

ನಡಿಗೆಗೆ ಮುಂಚೆ ಕೂರುವುದು. ಮಂಚದ ಅಂಚಿನಲ್ಲಿ ಪಾದ ನೆಲಕ್ಕೂರಿ, ಯಾವುದನ್ನೂ ಹಿಡಿಯದೆ ಅರ್ಧ ನಿಮಿಷ ಕೂರಬಲ್ಲರಾ? ಮೊದಲ ವಾರದಲ್ಲೇ ಹೀಗೆ ಮೈ ನಿಭಾಯಿಸುವುದು, ಹಾಸಿಗೆಯಲ್ಲಿ ತಾವೇ ಮಗ್ಗುಲು ಬದಲಿಸುವುದು ಬಂದರೆ ನಡಿಗೆ ಬೇಗ ಬರುವ ಒಳ್ಳೆ ಸೂಚನೆ. ಕೂರಲಾಗದವರನ್ನು ಇಬ್ಬರು ಆಚೆ ಈಚೆ ಹಿಡಿದು ಎಳೆದಾಡಿ "ನಡೆಸುವುದು" ನಡಿಗೆಯಲ್ಲ, ಅದರಿಂದ ಭುಜ ಹಾಳಾಗುತ್ತದೆ ಅಷ್ಟೇ.

ಎಷ್ಟು ಸಹಾಯ ಬೇಕು ಅನ್ನುವುದು ಎರಡನೆಯದು. ಇದಕ್ಕೂ ಸೊನ್ನೆಯಿಂದ ಐದರ ಲೆಕ್ಕ ಇದೆ. ನಡೆಯಲಾಗದು ಅಥವಾ ಇಬ್ಬರು ಬೇಕು ಅಂದರೆ 0. ಒಬ್ಬರು ಗಟ್ಟಿಯಾಗಿ ಹಿಡಿದು ಭಾರ ಹೊರುತ್ತಲೇ ಇರಬೇಕು, 1. ಆಗಾಗ ಮೆಲ್ಲಗೆ ಮುಟ್ಟಿದ್ದರೆ ಸಾಕು, 2. ಮುಟ್ಟಬೇಕಿಲ್ಲ ಆದರೆ ಪಕ್ಕದಲ್ಲಿ ಇರಲೇಬೇಕು, 3. ಸಮನೆಲದಲ್ಲಿ ತಾವೇ, ಮೆಟ್ಟಿಲು ಇಳಿಜಾರಿಗೆ ಸಹಾಯ, 4. ಎಲ್ಲಿ ಬೇಕಾದರೂ ತಾವೇ, 5. ಕೋಲು ಹಿಡಿದಿದ್ದರೂ ಪರವಾಗಿಲ್ಲ, ಇಲ್ಲಿ ಕೇಳುತ್ತಿರುವುದು ಇನ್ನೊಬ್ಬ ಮನುಷ್ಯನ ಸಹಾಯದ ಬಗ್ಗೆ. ಮಗ ಹೇಳುವ ಅಂಕಿಯೂ ಹೆಂಡತಿ ಹೇಳುವ ಅಂಕಿಯೂ ಒಂದೇ ಇರುವುದಿಲ್ಲ, ಹಗಲಿಡೀ ಜೊತೆಗಿರುವವರ ಮಾತನ್ನೇ ಬರೆಯಿರಿ.

ಕನಿಷ್ಠ 3ಕ್ಕೆ ಬಂದವರಿಗೆ ವೇಗ ಅಳೆಯಿರಿ. ನನ್ನ ಪ್ರಕಾರ ಇಡೀ ನೋಟ್‌ಬುಕ್ಕಿನಲ್ಲಿ ಅತಿ ಬೆಲೆಯುಳ್ಳ ಅಂಕಿ ಇದೇ. 14 ಮೀಟರ್ ಸಮನೆಲ ಬೇಕು. ಮನೆಯೊಳಗೆ ಅಷ್ಟು ಜಾಗ ಇಲ್ಲದಿದ್ದರೆ ತಾರಸಿ, ಅಂಗಳ, ಅಪಾರ್ಟ್‌ಮೆಂಟಿನ ಕಾರಿಡಾರ್ ಆಗಬಹುದು. ಸೀಮೆಸುಣ್ಣದಲ್ಲಿ ಶುರುವಿನ ಗೆರೆ ಹಾಕಿ, ಅಲ್ಲಿಂದ 2 ಮೀಟರಿಗೆ ಒಂದು ಗೆರೆ, 12 ಮೀಟರಿಗೆ ಇನ್ನೊಂದು, 14ಕ್ಕೆ ಕೊನೆಯದು. ಶುರುವಿನಿಂದ ಕೊನೆಯವರೆಗೆ ನಡೆಯಲಿ, ನೀವು ಸ್ಟಾಪ್‌ವಾಚ್ ಒತ್ತುವುದು ನಡುವಿನ 10 ಮೀಟರಿಗೆ ಮಾತ್ರ. ಮೊದಲ ಎರಡು ಮೀಟರ್ ವೇಗ ಹಿಡಿಯಲು, ಕೊನೆಯ ಎರಡು ನಿಧಾನಿಸಲು. "ಬೇಗ ಬೇಗ" ಅಂತ ಹುರಿದುಂಬಿಸಬೇಡಿ, ಅವರ ಹಿತದ ನಡಿಗೆಯಲ್ಲೇ ಬರಲಿ. ಎರಡು ಮೂರು ಸಲ ಮಾಡಿಸಿ ಸರಾಸರಿ ತಗೊಳ್ಳಿ, ನಡುನಡುವೆ ಕೂರಿಸಿ.

ಹತ್ತನ್ನು ಸೆಕೆಂಡಿನಿಂದ ಭಾಗಿಸಿದರೆ ವೇಗ. 40 ಸೆಕೆಂಡ್ ಆದರೆ ಸೆಕೆಂಡಿಗೆ 0.25 ಮೀಟರ್. 25 ಸೆಕೆಂಡ್ ಆದರೆ 0.4. 12.5 ಆದರೆ 0.8. ಈ ಎರಡು ಅಂಕಿ, 0.4 ಮತ್ತು 0.8, ನೆನಪಿಡಿ. ಜ್ಯಾಕ್ವೆಲಿನ್ ಪೆರ್ರಿ ಎಂಬ ಅಮೆರಿಕದ ವೈದ್ಯೆ ಮತ್ತು ಸಂಗಡಿಗರು 1995ರಲ್ಲಿ ಸ್ಟ್ರೋಕ್ ಆದವರನ್ನು ನೋಡಿ ಹಾಕಿದ ಗೆರೆಗಳಿವು. 0.4ಕ್ಕಿಂತ ಕಡಿಮೆ ಇದ್ದವರ ಓಡಾಟ ಹೆಚ್ಚಾಗಿ ಮನೆಯೊಳಗೇ. 0.4ರಿಂದ 0.8 ಇದ್ದವರು ಹೊರಗೆ ಹೋಗಬಲ್ಲರು, ಆದರೆ ಮಿತವಾಗಿ. 0.8 ದಾಟಿದವರು ಬಹುಮಟ್ಟಿಗೆ ಸಲೀಸು. ಸಲೀಸು ಅಂದರೂ ನಮ್ಮ ರಸ್ತೆಗಳಲ್ಲಿ ಒಂದು ಮಾತಿದೆ. ಪಾದಚಾರಿ ಸಿಗ್ನಲ್‌ಗಳನ್ನು ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ನಡೆಯುವವರಿಗೆ ಲೆಕ್ಕ ಹಾಕುತ್ತಾರೆ. 12 ಮೀಟರ್ ಅಗಲದ ರಸ್ತೆಗೆ ಅವರ ಲೆಕ್ಕದಲ್ಲಿ 10 ಸೆಕೆಂಡ್, 0.8ರಲ್ಲಿ ನಡೆಯುವವರಿಗೆ 15. ಆ ಐದು ಸೆಕೆಂಡು ಬೈಕಿನವರು ಕಾಯುತ್ತಾರಾ? ಹೇಳುವುದೇ ಬೇಡ.

ಬದಲಾವಣೆ ಎಷ್ಟಾದರೆ ನಿಜವಾದ ಬದಲಾವಣೆ? ಸೆಕೆಂಡಿಗೆ 0.16 ಮೀಟರಿನಷ್ಟು ಹೆಚ್ಚಿದರೆ ದಿನದ ಬದುಕಿನಲ್ಲಿ ಗೊತ್ತಾಗುವಂಥ ಸುಧಾರಣೆ ಅಂತ, ಸ್ಟ್ರೋಕ್ ಆದ ಮೊದಲೆರಡು ತಿಂಗಳಿನವರ ಮೇಲೆ ನಡೆದ ಅಧ್ಯಯನ ಹೇಳುತ್ತದೆ. 40 ಸೆಕೆಂಡಿನಿಂದ 38ಕ್ಕೆ ಬಂದರೆ ಹಿಗ್ಗಬೇಡಿ, 38ರಿಂದ 40 ಆದರೆ ಕುಗ್ಗಲೂಬೇಡಿ. ಅಷ್ಟು ಏರಿಳಿತ ರಾತ್ರಿ ನಿದ್ದೆ ಕೆಟ್ಟರೂ ಆಗುತ್ತದೆ. 40ರಿಂದ 24ಕ್ಕೆ ಬಂತಾ? ಅದು ಗಟ್ಟಿ ಸುದ್ದಿ.

ಮುಂದಿನದು ಎದ್ದು ಹೋಗಿ ಬರುವ ಪರೀಕ್ಷೆ. ಕೈಯಿರುವ ಗಟ್ಟಿ ಕುರ್ಚಿ, ಕೂರುವ ಎತ್ತರ ಸುಮಾರು 46 ಸೆಂಟಿಮೀಟರ್. ಜಾರುವ ಪ್ಲಾಸ್ಟಿಕ್ ಕುರ್ಚಿ ಬೇಡವೇ ಬೇಡ, ಅದನ್ನೇ ಉಪಯೋಗಿಸಬೇಕಾದರೆ ಗೋಡೆಗೆ ಒತ್ತಿಡಿ. 3 ಮೀಟರ್ ದೂರಕ್ಕೆ ಗೆರೆ ಹಾಕಿ. "ಹೊರಡಿ" ಅಂದ ಗಳಿಗೆಯಿಂದ, ಎದ್ದು, ಗೆರೆಯವರೆಗೆ ನಡೆದು, ತಿರುಗಿ, ವಾಪಸ್ ಬಂದು ಕೂರುವವರೆಗೆ ಎಷ್ಟು ಸೆಕೆಂಡ್? ಆರೋಗ್ಯವಾಗಿರುವ ಹಿರಿಯರು 10 ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸುತ್ತಾರೆ. 14 ಸೆಕೆಂಡಿನ ಆಚೆ ಹೋದರೆ ಬೀಳುವ ಭಯ ಜಾಸ್ತಿ ಅಂತ ಲೆಕ್ಕ. 30 ದಾಟಿದವರಿಗೆ ಸಾಮಾನ್ಯವಾಗಿ ಇನ್ನೊಬ್ಬರ ಸಹಾಯ ಬೇಕೇ ಬೇಕು. ಇಲ್ಲಿ ಸೆಕೆಂಡಿಗಿಂತ ತಿರುಗುವುದನ್ನು ಗಮನಿಸಿ. ನೇರ ನಡಿಗೆ ಚೆನ್ನಾಗಿರುತ್ತದೆ, ತಿರುಗುವಾಗ ಸೋತ ಕಾಲು ಹಿಂದೆ ಉಳಿದು ತೊಡರುತ್ತದೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿ ನೋಡಿ. ಕುರ್ಚಿ ಸಿಕ್ಕಿತು ಅಂತ ಪೂರ್ತಿ ತಿರುಗುವ ಮುಂಚೆಯೇ ಧೊಪ್ಪನೆ ಕೂರುವವರು ತುಂಬಾ, ಅದನ್ನೂ ಬರೆಯಿರಿ.

ದಮ್ಮು ನೋಡಲು, ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೆ ಅಂತ ಅಳೆಯುವ ಪರೀಕ್ಷೆ ಇದೆ. ಹೃದಯದ ತೊಂದರೆ ಇರುವವರಿಗೆ ಡಾಕ್ಟರನ್ನು ಕೇಳದೆ ಮಾಡಿಸಬೇಡಿ.

ನಡಿಗೆ ಹೇಗಿದೆ?

ವೇಗ ಬಂದರೂ ನಡಿಗೆಯ ರೂಪ ಕೆಟ್ಟಿರಬಹುದು. ಮುಂದಿನಿಂದ ನೋಡಿ: ಸೋತ ಕಾಲನ್ನು ಹೊರಗಿನಿಂದ ಅರ್ಧಚಂದ್ರಾಕಾರವಾಗಿ ಸುತ್ತಿ ತರುತ್ತಾರಾ, ಪಾದ ಹೊರಅಂಚಿನ ಮೇಲೆ ಬೀಳುತ್ತದಾ. ಪಕ್ಕದಿಂದ ನೋಡಿ: ಮೊದಲು ನೆಲ ಮುಟ್ಟುವುದು ಹಿಮ್ಮಡಿಯಾ ಬೆರಳಾ, ಭಾರ ಹಾಕಿದಾಗ ಮಂಡಿ ಫಟ್ಟನೆ ಹಿಂದಕ್ಕೆ ಹೋಗುತ್ತದಾ. ಈ ಮಂಡಿ ಹಿಂದಕ್ಕೆ ಬಾಗುವುದನ್ನು ಯಾರೂ ಗಂಭೀರವಾಗಿ ತಗೊಳ್ಳುವುದಿಲ್ಲ, ಆದರೆ ದಿನವೂ ಹಾಗೆ ನಡೆದರೆ ಮಂಡಿನೋವು ಕಟ್ಟಿಟ್ಟ ಬುತ್ತಿ. ಕಣ್ಣು ಮುಚ್ಚಿ ಕೇಳಿಸಿಕೊಳ್ಳಿ: ಒಂದು ಚಪ್ಪಲಿ ಟಪ್ ಅನ್ನುತ್ತದೆ, ಇನ್ನೊಂದು ಸರ್ ಅಂತ ಎಳೆಯುತ್ತದೆ. ಒಂದಷ್ಟು ವಾರ ಹಾಕಿದ ಚಪ್ಪಲಿಯನ್ನು ತಿರುಗಿಸಿ ಅಡಿ ನೋಡಿ. ಸೋತ ಕಡೆಯ ಬೆರಳತುದಿ ಸವೆದಿದ್ದರೆ ಪಾದ ಎತ್ತಲಾಗುತ್ತಿಲ್ಲ ಅಂತ ಅರ್ಥ. ಅಂಥವರಿಗೆ ಪಾದ ಎತ್ತಿಹಿಡಿಯುವ ಎಎಫ್‌ಒ ಎಂಬ ಸ್ಪ್ಲಿಂಟ್ ಸಹಾಯ ಮಾಡುತ್ತದೆ. ಹಾಕಿಕೊಂಡಾಗ ಎಷ್ಟು ಸೆಕೆಂಡ್, ಇಲ್ಲದೆ ಎಷ್ಟು ಸೆಕೆಂಡ್, ಎರಡೂ ಬರೆದರೆ ಅದು ನಿಮಗೆ ಉಪಯೋಗವಾಗುತ್ತಿದೆಯೋ ಇಲ್ಲವೋ ತಿಳಿಯುತ್ತದೆ. ಹಾಗೆಯೇ ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವುದು ಬೇಕು.

ಕೋಲು ಒಳ್ಳೆ ಕೈಯಲ್ಲಿರಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಸಮನೆಲದ ಪರೀಕ್ಷೆ ಪಾಸಾದವರೂ ನಮ್ಮ ಮನೆಗಳಲ್ಲಿ ಫೇಲಾಗುವ ಜಾಗಗಳಿವೆ: ಹೊಸ್ತಿಲು, ಬಚ್ಚಲಿನ ಒದ್ದೆ ನೆಲ, ಕುಕ್ಕರುಗಾಲಲ್ಲಿ ಕೂರುವ ಕಕ್ಕಸು, ಮೋರಿ ಮೇಲಿನ ಕಲ್ಲುಚಪ್ಪಡಿ. ಹೊಸ್ತಿಲನ್ನು ತುಳಿಯಬಾರದು ಅಂತ ಎತ್ತರಕ್ಕೆ ದಾಟಲು ಹೋಗಿ ಬಿದ್ದವರಿದ್ದಾರೆ. ಸೀರೆ, ಪಂಚೆ ಉಡುವವರು ಅದನ್ನೇ ಉಟ್ಟು ಒಮ್ಮೆ ನಡೆಯಲಿ, ಪ್ಯಾಂಟಿನಲ್ಲಿ ಬಂದ ಅಂಕಿ ಪಂಚೆಯಲ್ಲಿ ಬರುವುದಿಲ್ಲ. ತಿಂಗಳಲ್ಲಿ ಎಷ್ಟು ಸಲ ಬಿದ್ದರು, ಎಲ್ಲಿ, ಎಷ್ಟು ಹೊತ್ತಿನಲ್ಲಿ ಅನ್ನುವುದೂ ಬಲಪುಟಕ್ಕೇ ಸೇರುತ್ತದೆ.

ಯಾವಾಗ ಅಳೆಯಬೇಕು, ಯಾವಾಗ ಓಡಬೇಕು

ಮೊದಲ ಮೂರು ತಿಂಗಳು ಸುಧಾರಣೆ ವೇಗವಾಗಿರುತ್ತದೆ, ಆಗ ಹದಿನೈದು ದಿನಕ್ಕೊಮ್ಮೆ. ಆಮೇಲೆ ತಿಂಗಳಿಗೊಮ್ಮೆ ಸಾಕು. ಅದೇ ಹೊತ್ತು, ಅದೇ ಜಾಗ, ಅದೇ ಚಪ್ಪಲಿ, ಅದೇ ಕೋಲು. ದಿನಾ ಅಳೆದರೆ ಅವರಿಗೆ ಪರೀಕ್ಷೆ ಬರೆಸಿದ ಹಾಗಾಗುತ್ತದೆ, ಬೇಜಾರಾಗಿ ಬಿಟ್ಟುಬಿಡುತ್ತಾರೆ. ಆರು ತಿಂಗಳ ನಂತರ ಸುಧಾರಣೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. "ಆರು ತಿಂಗಳಾಯ್ತು, ಇನ್ನೇನೂ ಆಗಲ್ಲ" ಅನ್ನುವವರ ಮಾತು ಕೇಳಬೇಡಿ. ವರ್ಷ ಕಳೆದ ಮೇಲೂ ಚೆನ್ನಾಗಿ ಅಭ್ಯಾಸ ಮಾಡಿದವರಲ್ಲಿ ನಡಿಗೆಯ ವೇಗ ಹೆಚ್ಚುತ್ತದೆ.

ಮೊದಲ ವಾರಗಳ ಸುಧಾರಣೆಯಲ್ಲಿ ದೊಡ್ಡ ಪಾಲು ಮೆದುಳು ತಾನಾಗಿಯೇ ಚೇತರಿಸಿಕೊಳ್ಳುವುದರಿಂದ ಬರುವುದು. ಆ ಹೊತ್ತಿಗೆ ಯಾವ ಎಣ್ಣೆ ಹಚ್ಚಿದ್ದರೆ ಆ ಎಣ್ಣೆಗೆ, ಯಾವ ಊರಿಗೆ ಕರೆದೊಯ್ದಿದ್ದರೆ ಆ ಊರಿನ ನಾಟಿ ಔಷಧಿಗೆ, ಪಾರಿವಾಳದ ರಕ್ತಕ್ಕೆ, ಹಾಗೆಯೇ ನನ್ನಂಥ ಫಿಸಿಯೋಗೂ ಹೆಸರು ಬಂದುಬಿಡುತ್ತದೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಮುಂಚಿನ ಅಂಕಿಗಳಿದ್ದರೆ, ಔಷಧಿ ಶುರುಮಾಡುವ ಮುಂಚೆಯೇ ಕಾಲು ಏಳುತ್ತಿತ್ತೋ ಇಲ್ಲವೋ ಕಾಣುತ್ತದೆ. ಏನು ಮಾಡಿಸಿದರೂ ಬಿಪಿ, ಶುಗರ್, ರಕ್ತ ತೆಳುಮಾಡುವ ಮಾತ್ರೆಗಳನ್ನು ಮಾತ್ರ ನಿಲ್ಲಿಸಬೇಡಿ.

ಅಂಕಿ ಮೆಲ್ಲಮೆಲ್ಲಗೆ ಇಳಿಯುತ್ತಿದ್ದರೆ ಕಾರಣ ಹುಡುಕಬೇಕು. ಹೊಸ ಮಾತ್ರೆಯ ಮಂಪರು, ಸೋಂಕು, ಶುಗರ್ ಏರುಪೇರು, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ಎಷ್ಟೋ ಸಲ ಮನಸ್ಸು ಕುಗ್ಗಿರುವುದು. ಸ್ಟ್ರೋಕ್ ನಂತರ ಖಿನ್ನತೆ ತುಂಬಾ ಮಾಮೂಲು, ಅದಕ್ಕೆ ಔಷಧಿ ಇದೆ, "ಸೋಮಾರಿ ಆಗಿದ್ದಾರೆ" ಅಂತ ಬೈಯಬೇಡಿ. ಒಂದು ಮೀನಖಂಡ ಮಾತ್ರ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ತಿಕ್ಕಬೇಡಿ, ನಡೆಸಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ. ಬಾಯಿ ಸೊಟ್ಟಗಾಗುವುದು, ಎತ್ತಿದ ಕೈ ಕೆಳಗೆ ಬೀಳುವುದು, ಮಾತು ತೊದಲುವುದು ಇದ್ದಕ್ಕಿದ್ದಂತೆ ಹೊಸದಾಗಿ ಕಂಡರೆ ಅಳತೆ ಗಿಳತೆ ಏನೂ ಬೇಡ, 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಮಾತ್ರ ಸಮಯ. ಕೊನೆಯ ಬಾರಿ ಅವರು ಸರಿಯಿದ್ದದ್ದು ಎಷ್ಟು ಗಂಟೆಗೆ ಅನ್ನುವುದನ್ನು ಆಸ್ಪತ್ರೆಯಲ್ಲಿ ಮೊದಲು ಕೇಳುತ್ತಾರೆ, ಗಡಿಯಾರ ನೋಡಿಕೊಂಡೇ ಹೊರಡಿ.

ಡಾಕ್ಟರಿಗೆ ತೋರಿಸಲು ವಿಡಿಯೋ ಮಾಡುವುದಾದರೆ ಮೊಬೈಲನ್ನು ಸೊಂಟದ ಎತ್ತರಕ್ಕೆ ಹಿಡಿಯಿರಿ, ಮುಖಕ್ಕಿಂತ ಪಾದ ಕಾಣುವುದು ಮುಖ್ಯ. ಪಂಚೆ, ಸೀರೆಯನ್ನು ಮಂಡಿಯವರೆಗೆ ಎತ್ತಿ ಕಟ್ಟಿರಲಿ. ಎದುರಿನಿಂದ ಬರುವುದು ಒಂದು ತುಣುಕು, ಪಕ್ಕದಿಂದ ಒಂದು. ಕುರ್ಚಿಯಿಂದ ಏಳುವುದನ್ನೂ ತಿರುಗುವುದನ್ನೂ ಕತ್ತರಿಸಬೇಡಿ, ನಾವು ಮೊದಲು ಹುಡುಕುವುದು ಅದನ್ನೇ. ಹಿಂದಿನಿಂದ "ಕೈ ಬೀಸಪ್ಪಾ, ನೆಟ್ಟಗೆ ನಡಿ" ಅಂತ ಕೂಗುವುದು ಬೇಡ. ಅವರು ಮಾಮೂಲಿ ಹೇಗೆ ನಡೆಯುತ್ತಾರೋ ಹಾಗೇ ಬರಲಿ.